ನಡುಗದ ಕೈ

ಫ್ಲ್ಯಾಶ್ ಹಾಕಲೋ ಬೇಡವೋ? ಹಾಕಿದರೆ ಬಾಕೌ ಪಟ್ಟಣದ ಆ ಮಬ್ಬು ಸಭಾಂಗಣದ ನೇರಳೆ, ಗುಲಾಬಿ ಬೆಳಕೆಲ್ಲ ತೊಳೆದುಹೋಗುತ್ತದೆ. ಹಾಕಬೇಡಿ ಎಂದು ಮಗುವಿನ ತಾಯಿ ಮೊದಲೇ ಹೇಳಿದ್ದಳು. ಹಾಕದಿದ್ದರೆ, ವರ್ಷ ತುಂಬಿದ ಇಲಿಂಕಾಳ ಮೊದಲ ಜುಟ್ಟನ್ನು ಸಂಪ್ರದಾಯದಂತೆ ಕತ್ತರಿಸಲು ನಿಂತ, ದೀಕ್ಷಾಸ್ನಾನದಲ್ಲಿ ಅವಳನ್ನು ಎತ್ತಿಕೊಂಡಿದ್ದ ಮುದಿ ಧರ್ಮಪಿತ ಯುಸ್ತಿನ್‌ನ ನಡುಗುವ ಕೈ ಚಿತ್ರದಲ್ಲಿ ಕಲಸಿಹೋಗುತ್ತದೆ. ಫೋಟೋಗ್ರಾಫರ್ ತ್ರಾಯಾನ್‌ಗೆ ತೋಚಲಿಲ್ಲ.

“ಕತ್ತರಿ ಹೆಂಡ್ತಿಗೆ ಕೊಡೋ ಯುಸ್ತಿನ್, ಮಗು ಕಿವಿ ಉಳೀಲಿ!” ಎಂದು ಗೆಳೆಯನೊಬ್ಬ ಕೂಗಿದ. ಎಲ್ಲರೂ ನಕ್ಕರು. ಮುದುಕ ನಗದೆ, ರಿಬ್ಬನ್ ಕಟ್ಟಿದ ಜುಟ್ಟಿಗೆ ಕತ್ತರಿ ಹಚ್ಚಿದ. ತ್ರಾಯಾನ್ ಫ್ಲ್ಯಾಶ್ ಹಾಕಿಬಿಟ್ಟ.

“ಅಯ್ಯೋ, ಬಣ್ಣವೆಲ್ಲ ಹೋಯ್ತಲ್ಲಣ್ಣ,” ಎಂದಳು ತಾಯಿ, ಕ್ಯಾಮೆರಾದ ಪರದೆಯಲ್ಲಿ ಚಿತ್ರ ನೋಡಿ. ಯುಸ್ತಿನ್ ಬಗ್ಗಿ ಬಹಳ ಹೊತ್ತು ನೋಡಿದ. “ನೋಡ್ರೋ, ನನ್ನ ಕೈ ನಡುಗೇ ಇಲ್ಲ!”

ಆ ಕೈಯನ್ನು ನಿಲ್ಲಿಸಿದ್ದು ಫ್ಲ್ಯಾಶ್ ಎಂದು ತ್ರಾಯಾನ್ ಯಾವತ್ತೂ ಹೇಳಲಿಲ್ಲ.