ಜಗದಾಂಬಾ ಬರೆಸಿದ ಕಾಗದಗಳು

ಕಬ್ಬಿಣದ ಟ್ರಂಕನ್ನು ನಡುಮನೆಗೆ ತಂದಿಟ್ಟಾಗ ಈಶ್ವರಪ್ಪ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ಐವತ್ತನಾಲ್ಕು ವರ್ಷ ಕಾದದ್ದು ಈ ಕ್ಷಣಕ್ಕೆ.

ವಿನೋಬನಗರದ ಆ ಮನೆಯಲ್ಲಿ ಅಂದು ಹವಾಲ್ದಾರ್ ವೀರಪ್ಪನ ಶಿವಗಣಾರಾಧನೆ. ಊಟ ಮುಗಿದು ನುಡಿನಮನ ನಡೆದಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ತೊಡೆಗೆ ಗುಂಡು ತಗುಲಿದ್ದರೂ ಜೊತೆಗಾರನನ್ನು ಹೊತ್ತು ತಂದವನು; ಮೂರು ಮಕ್ಕಳನ್ನು ದಡ ಸೇರಿಸಿದವನು; ಹೆಂಡತಿಯ ಮೇಲೆ ಒಮ್ಮೆಯೂ ದನಿಯೇರಿಸದವನು. ಒಂದೊಂದು ಮಾತೂ ಈಶ್ವರಪ್ಪನಿಗೆ ಮುಳ್ಳಾಗಿ ನಾಟಿತು. ಸತ್ತ ಮೇಲೂ ಈ ಮನುಷ್ಯನೇ ಗೆಲ್ಲಬೇಕೆ?

ಯುದ್ಧದ ಆ ಕಾಲದಲ್ಲಿ ವೀರಪ್ಪನ, ಈಶ್ವರಪ್ಪನ ಮನೆಗಳು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಗೋಡೆಗೆ ಗೋಡೆ. ವೀರಪ್ಪ ಗಡಿಯಲ್ಲಿದ್ದ. ಓದುಬರಹವಿಲ್ಲದ ಅವನ ಹೆಂಡತಿ ಜಗದಾಂಬಾ ಸೋಮವಾರ ಬಂತೆಂದರೆ ಇನ್‌ಲ್ಯಾಂಡ್ ಕಾಗದ ಹಿಡಿದು ಈಶ್ವರಪ್ಪನ ಜಗುಲಿಗೆ ಬರುತ್ತಿದ್ದಳು.

"ಮಗೂಗೆ ಹಲ್ಲು ಬಂದಿದೆ ಅಂತ ಬರೀರಿ ಈಶ್ವರಣ್ಣ. ನಾನು ಚೆನ್ನಾಗಿದೀನಿ ಅಂತ ಬರೀರಿ."

ಆ 'ಅಣ್ಣ' ಸುಡುತ್ತಿತ್ತು. ಹಲ್ಲಿನ ಸುದ್ದಿಯನ್ನು ಒಂದು ಸಾಲಿನಲ್ಲಿ ಮುಗಿಸಿ ಅವನು ಮುಂದುವರಿಸುತ್ತಿದ್ದ: 'ನೀವಿಲ್ಲದ ಮನೆಯಲ್ಲಿ ದೀಪ ಕೂಡ ತನ್ನ ನೆರಳನ್ನೇ ಕಾಯುತ್ತದೆ.' ತಾನು ಆಕೆಗೆ ಹೇಳಲಾಗದ್ದನ್ನೆಲ್ಲ ಆಕೆಯ ಹೆಸರಿನಲ್ಲಿ, ಆಕೆಯ ಗಂಡನಿಗೆ ಬರೆದ. ಇನ್ನೂರು ಕಾಗದಗಳಾದವು. ಮನೆಯಲ್ಲಿ ತನ್ನ ಮದುವೆಯ ಮಾತೆದ್ದಾಗಲೆಲ್ಲ ಮುಂದೂಡಿದ. ಕೊನೆಗೆ ಮಾತೆತ್ತುವವರೂ ಉಳಿಯಲಿಲ್ಲ.

ರಜಕ್ಕೆ ಬಂದಾಗ ವೀರಪ್ಪ ಅವನ ಹೆಗಲು ತಟ್ಟುತ್ತಿದ್ದ. "ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಮಾರಾಯ." ಅಷ್ಟೇ. ಆ ಸಾಲುಗಳ ಬಗ್ಗೆ ಚಕಾರವಿಲ್ಲ. ಈಶ್ವರಪ್ಪ ಮೊದಲು ಅದನ್ನು ಸಂಕೋಚವೆಂದುಕೊಂಡ; ಆಮೇಲೆ ಸೊಕ್ಕು ಎಂದ. ಗುಂಡುಗಳ ನಡುವೆ ವೀರಪ್ಪನನ್ನು ಬದುಕಿಸಿದ್ದು ತನ್ನ ಮಾತು. ಆ ದಾಂಪತ್ಯಕ್ಕೆ ಉಸಿರು ತುಂಬಿದ್ದೂ ತನ್ನ ಮಾತೇ. ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಇಂದು ಅದು ಎಲ್ಲರಿಗೂ ತಿಳಿಯಬೇಕಿತ್ತು. ಕಾಗದಗಳ ಓದು ಮುಗಿದೊಡನೆ ಎದ್ದು ಹೇಳಬೇಕಾದ ವಾಕ್ಯವನ್ನು ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ: ಈ ಮಾತುಗಳು ನನ್ನವು.

"ತನುಜಾ," ಎಂದು ವೀರಪ್ಪನ ಮೊಮ್ಮಗಳನ್ನು ಕರೆದ. "ನಿಮ್ಮಜ್ಜಿ ಬರೆಸಿದ ಕಾಗದ ಎಲ್ಲ ತಾತನ ಆ ಟ್ರಂಕಲ್ಲಿರ್ಬೇಕು. ಒಂದೆರಡು ಓದಮ್ಮ. ನಿಮ್ ತಾತ ಯಾವುದರ ಬಲದ ಮೇಲೆ ಬದುಕಿದ್ರು ಅಂತ ಜನಕ್ಕೂ ಗೊತ್ತಾಗ್ಲಿ."

"ಅಯ್ಯೋ, ಅವ್ಯಾಕೆ ಈಗ?" ಎಂದಳು ಜಗದಾಂಬಾ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾಚಿಕೆ, ಎಂದುಕೊಂಡ ಈಶ್ವರಪ್ಪ.

ತನುಜಾ ಕಟ್ಟುಗಳನ್ನು ಹೊರತೆಗೆದಳು. ತಾರೀಖಿನ ಪ್ರಕಾರ ಜೋಡಿಸಿದ ಕಟ್ಟುಗಳು. ಒಂದೂ ಕಳೆದಿರಲಿಲ್ಲ, ಒಂದೂ ಮಾಸಿರಲಿಲ್ಲ. ಈಶ್ವರಪ್ಪನ ಎದೆ ಉಬ್ಬಿತು. ಮೊಣಕಾಲಿಗೆ ಕೈಯೂರಿ ಏಳಲು ಸಿದ್ಧನಾದ.

ಹುಡುಗಿ ಒಂದು ಕಾಗದವನ್ನು ತಿರುಗಿಸಿ ನೋಡಿದಳು. ಇನ್ನೊಂದು. ಮತ್ತೆ ಹತ್ತು.

"ಅಜ್ಜಿ, ಇವು ಒಂದೂ ಒಡೆದೇ ಇಲ್ವಲ್ಲ. ಅಂಟು ಹಾಗೇ ಇದೆ."

"ಅವರು ಒಡೀತಿರ್ಲಿಲ್ಲ ಕಣೆ," ಎಂದಳು ಜಗದಾಂಬಾ. "ಕಾಗದ ಬಂತು ಅಂದ್ರೆ ನೀನು ಚೆನ್ನಾಗಿದೀಯ ಅಂತಾಯ್ತು, ಮಿಕ್ಕಿದ್ದನ್ನ ಊರಿಗೆ ಬಂದು ನಿನ್ ಬಾಯಲ್ಲೇ ಕೇಳ್ತೀನಿ ಅಂತಿದ್ರು."