ಮಷಿನ್ನಿನ ಹಿಂದಿನ ದೀಪ

"ಹತ್ತಿಲ್ರಿ," ಎಂದಳು ರಾಮವ್ವ, ಮಷಿನ್ನಿನ ಹಿಂದಿನಿಂದ.

ಪಿಕಪ್ಪಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕುಳಿತಿದ್ದ ಅವಳ ಗಂಡ ಉಡಚಪ್ಪನಿಗೆ ರೇಗಿತು. ಇದು ಮೂರನೆಯ ಸಲ. ಕಾಂಕ್ರೀಟ್ ಕಲಸುವ ಮಷಿನ್ನನ್ನು ಗಾಡಿಯ ಹಿಂದೆ ಸಿಕ್ಕಿಸಿಯಾಗಿತ್ತು. ಕೊಂಡಿಗೆ ಪಿನ್ನು, ಪಿನ್ನಿಗೆ ಕ್ಲಿಪ್ಪು, ಅದೂ ಸಾಲದೆಂದು ಅಡ್ಡ ಒಂದು ಸರಪಳಿ. ಉಳಿದದ್ದು ಮಷಿನ್ನಿನ ಬೆನ್ನಿಗಿರುವ ದೀಪ ಮಾತ್ರ. ಅದಕ್ಕೆ ಇಬ್ಬರು ಬೇಕು: ಒಬ್ಬರು ಬ್ರೇಕ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ಹೇಳಬೇಕು. ಹದಿನಾಲ್ಕು ವರ್ಷದಿಂದ ಹೇಳುವವಳು ರಾಮವ್ವ. ಅವಳು 'ಹತ್ತೇತಿ' ಎನ್ನದೆ ಗಾಡಿ ಅವರ ಊರು ಕುಬಿಹಾಳ ದಾಟುತ್ತಿರಲಿಲ್ಲ.

"ಸರಿಯಾಗಿ ನೋಡಲೇ. ನಿನ್ನೆ ಹಾಕಿಸಿದ್ದು, ಹೊಸಾವು."

"ನೋಡಾಕತ್ತೇನ್ರಿ. ಇನ್ನೊಂಚೂರು ಒತ್ತಿ ಹಿಡೀರಿ."

"ಎಷ್ಟಂತ ಹಿಡೀಲಿ? ದೀಪಾ ನೋಡಂದ್ರ ಅನ್ನಾ ಬೆಂದೇತೇನು ನೋಡಿದಂಗ ಮಾಡ್ತಿ!"

ಅಷ್ಟರಲ್ಲಿ ಫೋನು. ಸಂಶಿಯಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿ ರಮಜಾನ್. "ಅಣ್ಣಾ, ಸ್ಲ್ಯಾಬಿಗೆ ಬಂದ ಮಂದಿ ಬುಟ್ಟಿ ಬೋರಲ ಹಾಕ್ಕೊಂಡು ಕುಂತಾರ. ನಿಮ್ಮ ಮಷಿನ್ ಬಾಣಂತನಕ್ಕ ಕುಂತೇತೇನು?"

"ಹಿಂದಿನ ದೀಪಾ ಹತ್ತವಲ್ದಪಾ."

"ಹಾಡೇ ಹಗಲ ದೀಪಾ ಯಾಕ ಬೇಕ್ರಿ? ಹಂಗ ಬಂದ್ಬಿಡ್ರಿ."

"ಹಂಗ ಬರೂದಿಲ್ಲ," ಎಂದು ಉಡಚಪ್ಪ ಫೋನಿಟ್ಟ. ಹೋದ ವಾರ ರಸ್ತೆಯಲ್ಲಿ ಪೊಲೀಸಪ್ಪ ಕೈ ಅಡ್ಡ ಮಾಡಿ, "ನೀ ಬ್ರೇಕ್ ಹಾಕಿದ್ದು ಹಿಂದ ಬರಾಂವಗ ತಿಳೀಬೇಕಲ್ಲೋ, ಈ ಮಿಣುಕು ದೀಪಾ ತಗದ ಒಗಿ," ಎಂದಿದ್ದ. ಅದು ಅವನಿಗೂ ಸರಿಯೆನಿಸಿತ್ತು. ಹುಬ್ಬಳ್ಳಿಗೆ ಹೋಗಿ ಎಲ್‌ಇಡಿ ದೀಪ ತಂದಿದ್ದ.

ಈಗ ಅವನು ಕೆಳಗಿಳಿದು ಬೇಲಿಯಿಂದ ಒಂದು ಕಟ್ಟಿಗೆ ಮುರಿದು, ಸೀಟಿಗೂ ಬ್ರೇಕಿಗೂ ನಡುವೆ ಬಿಗಿಯಾಗಿ ಕೊಟ್ಟ. ಸದ್ದಿಲ್ಲದೆ ಹಿಂದಕ್ಕೆ ನಡೆದ.

ಎರಡೂ ದೀಪಗಳು ಬೆಳಗಿನ ಬಿಸಿಲಿನಲ್ಲೂ ಕಣ್ಣು ಕುಕ್ಕುವಂತೆ ಕೆಂಪಗೆ ಉರಿಯುತ್ತಿದ್ದವು. ಬಲಗಡೆಯ ದೀಪದ ಮೇಲೆ ರಾಮವ್ವ ಅಂಗೈ ಇಟ್ಟಿದ್ದಳು. ಅವಳ ಬೆರಳುಗಳ ಸಂದಿಯಿಂದ ಬೆಳಕು ಹೊರಬರುತ್ತಿತ್ತು. ಏನನ್ನೋ ಆಲಿಸುವವಳ ಹಾಗೆ ಮುಖವನ್ನು ಒಂದು ಕಡೆ ವಾಲಿಸಿದ್ದಳು.

"ಈಗರ ಒತ್ತೀರೇನ್ರಿ?" ಎಂದು ಅವಳು ಡ್ರೈವರ್ ಸೀಟಿನ ಕಡೆಗೆ ಕೂಗಿದಳು. ಉಡಚಪ್ಪ ಅವಳಿಂದ ಒಂದು ಮಾರು ದೂರದಲ್ಲಿ, ಎದುರಿಗೇ ನಿಂತಿದ್ದ.

"ರಾಮವ್ವಾ."

ಅವಳು ಬೆಚ್ಚಿ ಕೈ ತೆಗೆದಳು.

"ತಣ್ಣಗಿತ್ತಲ್ರಿ," ಎಂದಳು. "ಹಳೇವು ಒಂಚೂರು ಹೊತ್ತಿಗೆ ಬೆಚ್ಚಗ ಆಗ್ತಿದ್ದವು."

"ಇವು ಬಿಸಿ ಆಗೂದಿಲ್ಲ." ಅವನ ದನಿ ಅವನಿಗೇ ಬೇರೆಯವರದೆನಿಸಿತು. "ಎಷ್ಟ ದಿನಾತು?"

"ಹ್ವಾದ ವರ್ಷ ಬುಟ್ಟಿ ಹೊರೂದು ಬಿಟ್ಟೆನಲ್ರಿ, ಮೊಣಕಾಲ ನೋವಂತ. ಮೊಣಕಾಲು ಚಲೋನ ಅದಾವು."

"ದವಾಖಾನಿ..."

"ಬಾಜೂಮನಿ ನೀಲಕ್ಕನ ಸಂಗಾಟ ಹೋಗಿದ್ದೆ. ಕಣ್ಣಿನ ನರಾ ಒಣಗ್ಯಾವಂತ. ಹೊಳ್ಳಿ ಬರೂದಿಲ್ಲಂದ್ರು."

"ನನಗ್ಯಾಕ ಹೇಳಲಿಲ್ಲ ಮತ್ತ?"

"ಹೇಳಿದ್ರ ಇದಕ್ಕೂ ಕರೀತಿದ್ದಿಲ್ಲ ನೀವು."

ಉಡಚಪ್ಪ ಅವಳ ಅಂಗೈಯನ್ನು ನೋಡಿದ. ಒಂದು ವರ್ಷ ಪ್ರತಿ ಮುಂಜಾನೆ ಅವನು ಆ ಅಂಗೈಯನ್ನು ನಂಬಿ ರಸ್ತೆಗಿಳಿದಿದ್ದ. ಅದು ಒಂದು ದಿನವೂ ತಪ್ಪು ಹೇಳಿರಲಿಲ್ಲ. ದೀಪಾವಳಿಯ ಮುಂದೆ ಒಮ್ಮೆ ಎಡಗಡೆಯದು ಹತ್ತಿಲ್ಲ ಎಂದಾಗ ಬಲ್ಬು ನಿಜವಾಗಿಯೂ ಸುಟ್ಟಿತ್ತು.

ಅವನು ಹೋಗಿ ಬ್ರೇಕಿಗೆ ಕೊಟ್ಟಿದ್ದ ಕಟ್ಟಿಗೆಯನ್ನು ಕಿತ್ತು ಬೇಲಿಯಾಚೆ ಎಸೆದ. ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ನೋಡಿದ. ತಿರುಗಿ ಬಂದು ಹೆಂಡತಿಯ ರಟ್ಟೆ ಹಿಡಿದ.

"ಬಿಡ್ರಿ, ದಾರಿ ಗೊತ್ತೇತಿ ನನಗ," ಎಂದಳು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ಅವಳನ್ನು ತನ್ನ ಸೀಟಿನಲ್ಲಿ ಕೂರಿಸಿದ. ಅವಳ ಹಿಮ್ಮಡಿ ಒಡೆದ ಪಾದವನ್ನು ಎರಡೂ ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟ. "ನಾ ಹಿಂದ ನಿಂದರ್ತೇನಿ. ನೀ ಒತ್ತು."

"ನಾನ?"

"ಮತ್ಯಾರು? ದಿನಾ ನೀನ ಒತ್ತಾಕಿ ಇನ್ನ."

ಅವನು ಹೋಗಿ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ದೀಪಗಳು ಒಮ್ಮೆಲೇ ಹೊತ್ತಿಕೊಂಡವು.

"ಹತ್ತೇತೇನ್ರಿ?" ಮುಂದಿನಿಂದ ರಾಮವ್ವನ ದನಿ ಬಂತು. ಬಹಳ ದಿನಗಳ ಮೇಲೆ ಆ ದನಿಯಲ್ಲಿ ಹುರುಪಿತ್ತು.

ಉಡಚಪ್ಪ ಬಾಯಿ ತೆರೆದ. ಅವನ ತುಂಬಿದ ಕಣ್ಣೊಳಗೆ ಎರಡು ದೀಪ ನಾಲ್ಕಾದವು.

ಉತ್ತರ ಬರದಿದ್ದಕ್ಕೆ, ಹತ್ತಿಲ್ಲವೆಂದುಕೊಂಡು, ರಾಮವ್ವ ಪೆಡಲನ್ನು ಇನ್ನಷ್ಟು ಜೋರಾಗಿ ಒತ್ತಿದಳು.