ನಗುವಿಗೆ ಬಿಟ್ಟ ಜಾಗ

ಒಳಗೆ ಹೋಗಲೋ ಬೇಡವೋ ಎಂದು ಶಾಂಭವಿ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು...

ಕೈಯಲ್ಲಿ ಒಂದು ಹಾಸ್ಯ ನಾಟಕದ ಸ್ಕ್ರಿಪ್ಟ್. ಬರೆದವರು ಒಳಗೆ ಕೂತಿದ್ದ ಮ್ಯಾನೇಜರ್ ರುದ್ರಮುನಿ ಸಾಹೇಬರು.

ದಾವಣಗೆರೆಯ ಆ ಸಹಕಾರ ಸಂಘದಲ್ಲಿ ಅವಳು ಕ್ಲರ್ಕ್. ಪ್ರೊಬೇಷನ್ ಮುಗಿದಿತ್ತು. ಕೆಲಸ ಕಾಯಂ ಆಗಲು ಬೇಕಿದ್ದದ್ದು ಅದೇ ಸಾಹೇಬರ ಸಹಿ.

ಗಂಡ ದುಡಿಯುತ್ತಿದ್ದ ಮಿಲ್ಲು ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲೇ.

ಭಾನುವಾರ ಸಂಘದ ವಾರ್ಷಿಕೋತ್ಸವ. ಸದಸ್ಯರೆಲ್ಲ ಸಂಸಾರ ಸಮೇತ ಬರುತ್ತಾರೆ. ನಾಟಕ ಆಡುವವರು ಸಂಘದ ನೌಕರರು. ಪರದೆಯ ಪಕ್ಕ ನಿಂತು ಮರೆತ ಮಾತು ಹೇಳಿಕೊಡುವ ಪ್ರಾಂಪ್ಟರ್ ಕೆಲಸ ಶಾಂಭವಿಯದು.

ಸಾಹೇಬರದೊಂದು ಪದ್ಧತಿ ಇತ್ತು. ರಿಹರ್ಸಲ್‌ನಲ್ಲಿ ಸಿಬ್ಬಂದಿ ನಕ್ಕ ಮಾತಿನ ಮುಂದೆಲ್ಲ ಕೆಂಪು ಶಾಯಿಯಲ್ಲಿ 'ನಗು' ಎಂದು ಬರೆಯುತ್ತಿದ್ದರು. ಆಡುವವರು ಅಲ್ಲಿ ನಿಂತು, ನಗು ಮುಗಿಯುವ ತನಕ ಕಾಯಬೇಕು.

ಸಿಬ್ಬಂದಿ ಎಲ್ಲದಕ್ಕೂ ನಗುತ್ತಿದ್ದರು... ಪುಟಗಳೆಲ್ಲ ಕೆಂಪಾಗಿದ್ದವು.

ಆದರೆ ಹಿಂದಿನ ದಿನ ಮೈಕ್ ಜೋಡಿಸಲು ಬಂದಿದ್ದವನು ನಾಟಕ ಮುಗಿಯುವವರೆಗೂ ಆಕಳಿಸುತ್ತಲೇ ಇದ್ದ. ಅಲ್ಲಿದ್ದವರಲ್ಲಿ ಸಾಹೇಬರ ಕೈಕೆಳಗೆ ಇಲ್ಲದವನು ಅವನೊಬ್ಬನೇ.

ಅದನ್ನು ಕಂಡಾಗಿನಿಂದ ಶಾಂಭವಿಗೆ ಊಟ ಸೇರಿರಲಿಲ್ಲ. ತುಂಬಿದ ಸಭಾಂಗಣ... ನಗುವಿಗಾಗಿ ಕಾಯುತ್ತ ನಿಂತ ನಟರು... ಪ್ರತಿ ಕೆಂಪು ಗುರುತಿಗೂ ಒಂದು ಮೌನ...

"ಏ ಶಾಂಭವಿ, ಸುಮ್ನಿರವ್ವಾ!" ಎಂದಿದ್ದರು ಕ್ಯಾಷಿಯರ್ ಕೊಟ್ರೇಶಪ್ಪ. ನಾಟಕದಲ್ಲಿ ಮ್ಯಾನೇಜರ್ ಪಾತ್ರ ಅವರದೇ. "ನಗಾಕೆ ಏನ್ ಗಂಟು ಹೋಗ್ತತಿ? ನಕ್ಕು ಮನಿಗೆ ಹೋಗು. ಮೊದ್ಲು ಸಹಿ ಬೀಳ್ಲಿ!"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವಳು ಬಾಗಿಲು ತಳ್ಳಿದಳು.

"ಬಾರವ್ವಾ. ಪೂರ್ತಿ ಓದಿದಾಕಿ ನೀನೊಬ್ಬಾಕಿನೇ. ಹೆಂಗೈತಿ?"

"ಸರ್... ಭಾನುವಾರ ಜನ ನಗಲ್ಲ ಅನ್ಸುತ್ತೆ ಸರ್."

ಸಾಹೇಬರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಇಲ್ಲಿ ಎಲ್ಲಾರೂ ನಗ್ತಾರಲ್ಲ?"

"ನಾವು ನಿಮ್ ಮುಖ ನೋಡಿ ನಗ್ತೀವಿ ಸರ್... ನಾನೂ ಅಷ್ಟೇ."

ಸಾಹೇಬರ ದವಡೆ ಬಿಗಿಯಿತು. "ಚೆನ್ನಾಗಿಲ್ಲ ಅಂದ್ರೆ ಸಾಲದು. ಎಲ್ಲಿ ಚೆನ್ನಾಗಿಲ್ಲ, ಹೇಳು."

ಅವಳು ಸ್ಕ್ರಿಪ್ಟಿನ ಪುಟ ತಿರುವಿದಳು.

"ನಾಟಕದಾಗೆ ಜವಾನ ಪೆದ್ದ, ಕ್ಯಾಷಿಯರ್ ಪೆದ್ದ, ಮ್ಯಾನೇಜರ್ ಒಬ್ನೇ ಶಾಣ್ಯಾ. ಎಲ್ಲಾ ಕಡೆ ಅವ್ನೇ ಗೆಲ್ತಾನೆ. ಒಂದು ಕಡೆನೂ ಸೋಲದೋನನ್ನ ನೋಡಿ ಹೆಂಗೆ ನಗೋದು ಸರ್?"

ಇನ್ನು ನಿಲ್ಲಿಸಿದರೂ ಪ್ರಯೋಜನವಿಲ್ಲ ಎನಿಸಿತು ಅವಳಿಗೆ.

"ಒಂದು ಕಡೆ ನಿಜವಾಗ್ಲೂ ನಕ್ಕೆ ಸರ್... ಮನೇಲಿ, ಒಬ್ಬಾಕಿನೇ. ಆ ಮ್ಯಾನೇಜರ್ ಉಪ್ಪಿಟ್ಟು ಮಾಡಾಕೆ ಹೋಗಿ, ರವೆ ಅಂತ ರಂಗೋಲಿ ಪುಡಿ ಹುರೀತಾನಲ್ಲ? ಇನ್ನೂ ಘಮ ಬರ್ಲಿಲ್ಲ ಅಂತ ಉರಿ ಜಾಸ್ತಿ ಮಾಡ್ತಾನಲ್ಲ? ಅದು. ಆದ್ರೆ ಆ ಪುಟಾನೇ ನೀವು ಹೊಡೆದು ಹಾಕೀರಿ."

ಸಾಹೇಬರು ಕನ್ನಡಕ ತೆಗೆದರು.

"ಅದು ಬರೆದಿದ್ದಲ್ಲವ್ವಾ... ನಡೆದಿದ್ದು."

ಅದು ಅವರ ಹೆಂಡತಿ ತೀರಿಕೊಂಡು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ. ಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

"ನಾನು ಏನ್ ಬರೆದ್ರೂ ಮೊದ್ಲು ಆಕಿಗೆ ಓದಿ ಹೇಳ್ತಿದ್ದೆ. 'ಇದು ಸಪ್ಪಗೈತಿ ನೋಡ್ರಿ' ಅಂತ ಮುಖಕ್ಕೇ ಹೇಳಾಕಿ. ಆಕಿ ಹೋದ ಮ್ಯಾಲೆ ಹಂಗೆ ಹೇಳೋರು ಒಬ್ರೂ ಇಲ್ಲ."

ತಗ್ಗಿದ ದನಿಯಲ್ಲಿ ಹೇಳಿದರು...

"ಮೊನ್ನೆ ಊಟಕ್ಕೆ ಕೂತಾಗ, 'ಸಂಜಿ ಆದ್ರೆ ಮನಿಗೆ ಹೋಗಾಕೆ ಹೆದರಿಕಿ ಆಗ್ತತಿ' ಅಂದೆ. ನಿಜಾನೇ ಹೇಳಿದ್ದೆ. ಎಲ್ಲಾರೂ ನಕ್ರು..."

ಅಂದು ಶಾಂಭವಿಯೂ ನಕ್ಕಿದ್ದಳು. ಸಾಹೇಬರು ಹೇಳಿದ್ದೇನು ಎಂದು ಕಿವಿಗೊಟ್ಟಿರಲೇ ಇಲ್ಲ.

"ತಪ್ಪಾಯ್ತು ಸರ್..." ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ಸ್ಕ್ರಿಪ್ಟ್ ಇಟ್ಟು ಹೋಗು," ಎಂದರು ಅವರು. ಸಹಿಯ ಮಾತೇ ಎತ್ತಲಿಲ್ಲ.

ಆ ವಾರವೆಲ್ಲ ಎತ್ತಲಿಲ್ಲ. ಕೋಣೆಯ ಬೆಲ್ ಆದಾಗಲೆಲ್ಲ ಅವಳು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು.

ನಾಟಕ ಮಾತ್ರ ಅರ್ಧಕ್ಕೆ ಇಳಿಯಿತು. ಹೊಡೆದು ಹಾಕಿದ್ದ ಪುಟ ಮತ್ತೆ ಸೇರಿತು. ಕೆಂಪು ಗುರುತುಗಳು ಒಂದೂ ಉಳಿಯಲಿಲ್ಲ.

ಭಾನುವಾರ ಸಂಜೆ. ಪರದೆಯ ಪಕ್ಕ ಶಾಂಭವಿ, ಅವಳ ಹಿಂದೆ ಸಾಹೇಬರು.

"ನಿನ್ನ ಆರ್ಡರ್‌ಗೆ ನಿನ್ನೇನೇ ಸಹಿ ಹಾಕೀನಿ," ಎಂದರು ಮೆಲ್ಲಗೆ. "ನಾಟಕ ಗೆದ್ದಿದ್ದಕ್ಕೆ ಹಾಕ್ದೆ, ಬಿದ್ದಿದ್ದಕ್ಕೆ ತಡೆದೆ ಅಂತ ಯಾರೂ ಅನ್ನಬಾರ್ದಲ್ಲ... ನಿನ್ನ ಕೆಲಸ ಚೊಲೋ ಐತಿ, ಅದಕ್ಕೆ."

ಅವಳು ಉಸಿರು ಬಿಡುವಷ್ಟರಲ್ಲಿ ಪರದೆ ಸರಿಯಿತು.

ವೇದಿಕೆಯಲ್ಲಿ ಕೊಟ್ರೇಶಪ್ಪ ಡಬ್ಬಿಯಿಂದ ಬಿಳಿ ಪುಡಿ ಬಾಣಲೆಗೆ ಸುರಿದು ಹುರಿದರು. ಮೂಸಿದರು. ಉರಿ ಜಾಸ್ತಿ ಮಾಡಿದರು. ಮತ್ತೆ ಮೂಸಿದರು...

ಸಭಾಂಗಣದಲ್ಲಿ ಸದ್ದಿಲ್ಲ. ಶಾಂಭವಿ ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸಿನ ದನಿ ಕೂಗಿತು, "ಅಯ್ಯೋ, ಅದು ರಂಗೋಲಿ ಪುಡಿ ಕಣಪ್ಪೋ!"

ನಗು ಉಕ್ಕಿತು. ಸಾಲಿನಿಂದ ಸಾಲಿಗೆ ಹರಡಿತು. ಕೊಟ್ರೇಶಪ್ಪನವರಿಗೆ ಮುಂದಿನ ಮಾತು ಆಡಲು ಜನ ಬಿಡಲೇ ಇಲ್ಲ.

ಸಾಹೇಬರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಪರದೆಯ ಸಂದಿಯಿಂದ ಜನರನ್ನು ನೋಡುತ್ತ ಕೇಳಿದರು...

"ಅವ್ರ್ಯಾರೂ ನಮ್ಮ ಸ್ಟಾಫ್ ಅಲ್ಲ... ಹೌದಲ್ಲವ್ವಾ?"

&nbsp;

ಎಲ್ಲದಕ್ಕೂ ನಗುವವರು ನಮ್ಮ ಮಾತು ಕೇಳಿರುವುದಿಲ್ಲ. 'ಇದು ಸಪ್ಪೆ' ಎನ್ನುವವರು ಪೂರ್ತಿ ಕೇಳಿರುತ್ತಾರೆ.

ನಿಮಗೆ ಹಾಗೆ ಹೇಳುವವರು ಯಾರಿದ್ದಾರೆ... ನೀವು ಯಾರಿಗೆ ಹಾಗೆ ಹೇಳಬಲ್ಲಿರಿ?